ಶಾಲೆ ಉಳಿಸಿ ಎನ್ನುತ್ತಿಲ್ಲ, ರಿಜಿಸ್ಟರ್ ಉಳಿಸಿ: ಸಂಸ್ಕೃತಿ ಸಚಿವರಿಗೆ ಮುಂಬಯಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ಮುಂಬಯಿಯಿಂದ ನಮಸ್ಕಾರಗಳು.

ಹೊರನಾಡ ಕನ್ನಡಿಗರಿಂದ ತಮ್ಮ ಕಚೇರಿಗೆ ಬರುವ ಪತ್ರ ಎಂದರೆ ಒಂದೋ ಅನುದಾನದ ಅರ್ಜಿ, ಇಲ್ಲವೇ ರಾಜ್ಯೋತ್ಸವಕ್ಕೆ ಬರಬೇಕೆಂಬ ಕರೆ. ಇದು ಎರಡೂ ಅಲ್ಲ. ಮುಂಬಯಿಯ ಕನ್ನಡ ರಾತ್ರಿ ಹೈಸ್ಕೂಲುಗಳ ಕಪಾಟಿನಲ್ಲಿ ಉಳಿದಿರುವ ಹಳೆಯ ಪುಸ್ತಕಗಳನ್ನು ತಮ್ಮ ಸರ್ಕಾರ ಸ್ಕ್ಯಾನ್ ಮಾಡಿಸಿ ಇಡಬೇಕು, ಅಷ್ಟೇ ನನ್ನ ಕೋರಿಕೆ. ಪುಸ್ತಕ ಎಂದರೆ ಕತೆ, ಕವನ ಅಲ್ಲ. ದಾಖಲಾತಿ ರಿಜಿಸ್ಟರ್, ಹಾಜರಿ ಪಟ್ಟಿ, ಸಮಿತಿಯ ನಡಾವಳಿ, ವಾರ್ಷಿಕೋತ್ಸವದ ಕರೆಯೋಲೆ.

ಈ ಶಾಲೆಗಳ ವಯಸ್ಸು ತಮಗೆ ಗೊತ್ತಿದ್ದರೆ ಒಳ್ಳೆಯದು. ಮುಂಬಯಿಗೆ ಬಂದ ಮೊಗವೀರರು, ಅಂದರೆ ಕರಾವಳಿಯ ಮೀನುಗಾರ ಸಮಾಜದವರು, 1902ರಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. 1908ರಲ್ಲಿ ರಾತ್ರಿ ಶಾಲೆ ಶುರುಮಾಡಿದರು. ಆಗ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಲು ಇನ್ನೂ ಏಳು ವರ್ಷ ಇತ್ತು. ಕರ್ನಾಟಕ ಎಂಬ ರಾಜ್ಯದ ಮಾತಂತೂ ದೂರವೇ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಮುಂಬಯಿ ಪ್ರಾಂತ್ಯದಲ್ಲಿದ್ದವು, ದಕ್ಷಿಣ ಕನ್ನಡ ಮದರಾಸಿನಲ್ಲಿತ್ತು. ತಮಾಷೆ ನೋಡಿ, ಮುಂಬಯಿ ಪ್ರಾಂತ್ಯದ ಭಾಷೆಗಳಲ್ಲಿ ಕನ್ನಡವೂ ಒಂದಾಗಿದ್ದ ಕಾಲದಲ್ಲಿ ಈ ಊರಿನ ರಾತ್ರಿ ಶಾಲೆಗಳನ್ನು ತುಂಬಿದವರು ಮದರಾಸು ಪ್ರಾಂತ್ಯದ ಹುಡುಗರು, ಅಂದರೆ ಹೋಟೆಲು, ಕ್ಯಾಂಟೀನಿನ ಕೆಲಸಕ್ಕೆಂದು ಬಂದ ನಮ್ಮ ಕರಾವಳಿಯವರು. ಮುಂದೆ ಬಿಲ್ಲವರು ನಾರಾಯಣ ಗುರುಗಳ ಹೆಸರಿನಲ್ಲಿ ಶಾಲೆ ತೆರೆದರು, ಇತರ ಸಮಾಜಗಳ ಸಂಘಗಳೂ ತೆರೆದವು. ಸ್ಥಾಪಿಸಿದ್ದು ಜಾತಿ ಸಂಘಗಳೇ. ಆದರೆ ಬೆಂಚಿನ ಮೇಲೆ ಬಂಟರ ಹುಡುಗನ ಪಕ್ಕ ದೇವಾಡಿಗರ ಹುಡುಗ, ಅವನ ಪಕ್ಕ ಕುಂದಾಪುರದ ಮಾಣಿ. ಊರಲ್ಲಿ ಇವರು ಹೀಗೆ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರೆಂದು ನನಗನ್ನಿಸುವುದಿಲ್ಲ.

ನಾನೂ ಅಂಥ ಬೆಂಚಿನ ಮೇಲೆ ಕೂತವನೇ. ಹಗಲು ಮುಂಬಯಿಯ ಆಫೀಸುಗಳ ಬಡಾವಣೆಯಾದ ಫೋರ್ಟಿನ ಒಂದು ಆಫೀಸ್ ಕ್ಯಾಂಟೀನಿನಲ್ಲಿ ಕೆಲಸ. ರಾತ್ರಿ ಶಾಲೆಗಳು ಫೋರ್ಟಿನಲ್ಲೇ ಯಾಕೆ ಬೆಳೆದವು ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ: ಆಫೀಸು ಬಿಟ್ಟಿತೆಂದರೆ ಕ್ಯಾಂಟೀನೂ ಮುಚ್ಚಿತು. ದಾದರಿನ, ಮಾಟುಂಗದ ಹೋಟೆಲಿನಲ್ಲಿದ್ದವನಿಗೆ ಆ ಭಾಗ್ಯ ಇರಲಿಲ್ಲ, ಅಲ್ಲಿ ಸಂಜೆಯೇ ಗಿರಾಕಿಗಳ ನೂಕುನುಗ್ಗಲು. ಧನಿ ಒಳ್ಳೆಯವನಾದರೆ ಆರು ಗಂಟೆಗೆ ಬಿಡುತ್ತಿದ್ದ, ಇಲ್ಲವಾದರೆ ಹುಡುಗ ಎರಡನೇ ಪೀರಿಯಡ್ಡಿಗೆ ಕೈಯ ಸೋಡಾ ವಾಸನೆಯೊಂದಿಗೆ ಒಳಗೆ ಬರುತ್ತಿದ್ದ. ಹಗಲು ಸಣ್ಣ ಮಕ್ಕಳು ಓದುವ ಮುನ್ಸಿಪಾಲಿಟಿ ಕಟ್ಟಡವೇ ರಾತ್ರಿ ನಮ್ಮ ಹೈಸ್ಕೂಲು. ಬೆಂಚು ಅವರ ಅಳತೆಯದು. ಮೀಸೆ ಬಂದವರ ಮಂಡಿ ಡೆಸ್ಕಿನ ಅಡಿಗೆ ಹೋಗುತ್ತಲೇ ಇರಲಿಲ್ಲ, ಅಡ್ಡ ಕೂರಬೇಕು. ಮೇಷ್ಟ್ರುಗಳೂ ಹಗಲು ಬೇರೆ ಶಾಲೆಯಲ್ಲಿ ದುಡಿದು ಬಂದವರು. ಬೀಜಗಣಿತದ ನಡುವೆ ಯಾರಾದರೂ ತೂಕಡಿಸಿದರೆ ಬೈಯುತ್ತಿರಲಿಲ್ಲ, ಎಬ್ಬಿಸಿ ಕಿಟಕಿ ಪಕ್ಕ ನಿಲ್ಲಿಸುತ್ತಿದ್ದರು.

ಈಚೆಗೆ ಒಂದು ರಾತ್ರಿ ಶಾಲೆಯ ಜನರಲ್ ರಿಜಿಸ್ಟರನ್ನು ತಿರುವಿ ನೋಡುವ ಅವಕಾಶ ಸಿಕ್ಕಿತು. ಇಲ್ಲಿ ಅದಕ್ಕೆ ಜಿ.ಆರ್. ಎನ್ನುತ್ತಾರೆ. ಕೆಂಪು ಬಟ್ಟೆಯ ರಟ್ಟು, ಬೆನ್ನಿನ ಹೊಲಿಗೆ ಬಿಟ್ಟಿದೆ, ಅಂಚು ಗೆದ್ದಲಿನ ಪಾಲು. ಎರಡು ಪುಟದಗಲಕ್ಕೆ ಅಂಕಣಗಳು: ಹೆಸರು, ಜಾತಿ, ಹುಟ್ಟಿದ ಊರು, ಹುಟ್ಟಿದ ತಾರೀಕು ಅಂಕಿಯಲ್ಲೂ ಅಕ್ಷರದಲ್ಲೂ, ಹಿಂದೆ ಓದಿದ ಶಾಲೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಊರಿನ ಅಂಕಣದಲ್ಲಿ ಪಡುಬಿದ್ರಿ, ಕಾಪು, ಮೂಲ್ಕಿ, ಹೆಜಮಾಡಿ, ಬೈಂದೂರು ಸಾಲುಸಾಲಾಗಿ ಇಳಿಯುತ್ತವೆ. ಹುಟ್ಟಿದ ತಾರೀಕಿನ ಅಂಕಣ ನೋಡಿದರೆ ನಗು ಬರುತ್ತದೆ, ಕರಾವಳಿಯ ಅರ್ಧ ಮಕ್ಕಳು ಜೂನ್ 1ಕ್ಕೇ ಹುಟ್ಟಿದಂತಿದೆ. ಜನ್ಮಪತ್ರ ಇಲ್ಲದವರಿಗೆ ಶಾಲೆಯವರು ಕೊಟ್ಟ ಹುಟ್ಟುಹಬ್ಬ ಅದು. ಆಮೇಲೆ ಅದೇ ತಾರೀಕು ಬ್ಯಾಂಕಿನ ಕೆಲಸಕ್ಕೆ, ಪಾಸ್‌ಪೋರ್ಟಿಗೆ, ನಿವೃತ್ತಿಗೆ ಎಲ್ಲದಕ್ಕೂ ನಿಂತಿತು.

ನಾನು ತಡೆದು ನಿಂತದ್ದು ಕೊನೆಯ ಅಂಕಣದಲ್ಲಿ. ‘ಊರಿಗೆ ಹೋದ.’ ‘ಕೆಲಸ ಬದಲಾಯಿತು.’ ‘ಸತತ ಗೈರುಹಾಜರಿ.’ ‘ಊರಿಗೆ ಹೋದ.’ ಎಸ್ಸೆಸ್ಸಿ ಪಾಸಾದರು ಎಂಬ ಷರಾ ಪುಟಕ್ಕೆ ಒಂದೋ ಎರಡೋ. ರಾತ್ರಿ ಶಾಲೆಯ ಕತೆ ಹೇಳುವಾಗಲೆಲ್ಲ ನಾವು ಕಪ್ಪು-ಬಸಿ ತೊಳೆದು ಓದಿ ಹೋಟೆಲು ಧನಿಯಾದವರ, ವಕೀಲರಾದವರ ಹೆಸರನ್ನಷ್ಟೇ ಹೇಳುತ್ತೇವೆ. ಅಭಿನಂದನ ಗ್ರಂಥಗಳು ಅವರಿಗೇ ಮೀಸಲು. ಊರಿಗೆ ಹೋದವನನ್ನು ಬರೆದಿಟ್ಟ ಏಕೈಕ ಪುಸ್ತಕ ಈ ರಿಜಿಸ್ಟರ್.

ಶಾಲೆಗಳು ಈಗ ಹೇಗಿವೆ ಎಂದರೆ, ಕನ್ನಡದ ಹುಡುಗರಿಲ್ಲ. ಇದನ್ನು ನಾನು ಅಳುತ್ತ ಹೇಳುತ್ತಿಲ್ಲ, ಇದರಲ್ಲಿ ಮುಕ್ಕಾಲು ಪಾಲು ಸಂತೋಷದ ಸುದ್ದಿಯೇ. 1974ರ ಭೂಸುಧಾರಣೆ ಕಾಯ್ದೆ ಜಾರಿಯಾಗಿ ಕರಾವಳಿಯ ಗೇಣಿ ಒಕ್ಕಲುಗಳಿಗೆ ಭೂಮಿ ಸಿಕ್ಕಿತು. ಮಗನನ್ನು ಮುಂಬಯಿ ಬಸ್ಸು ಹತ್ತಿಸಬೇಕಾದ ದರ್ದು ಕಡಿಮೆಯಾಯಿತು. ಊರೂರಿಗೆ ಹೈಸ್ಕೂಲು ಬಂತು, ಶಾಲೆಯಲ್ಲಿ ಮಧ್ಯಾಹ್ನದ ಊಟ ಬಂತು. ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರಿನಲ್ಲಿ ಜಾರಿಯಾಯಿತು. ಹನ್ನೆರಡು ವರ್ಷದ ಮಾಣಿ ರಾತ್ರಿ ಒಂಬತ್ತೂವರೆಗೆ ವ್ಯಾಕರಣ ಕಲಿಯುವುದು ಯಾವ ಸಂಸ್ಕೃತಿಯ ಹೆಮ್ಮೆಯೂ ಅಲ್ಲ. ಆದ್ದರಿಂದ ‘ಕನ್ನಡ ಶಾಲೆ ಉಳಿಸಿ’ ಎಂಬ ಫಲಕವನ್ನು ನಾನು ಹಿಡಿಯಲಾರೆ. ಉಳಿದ ಕಾಲು ಪಾಲಿನ ನೋವು ಬೇರೆ. 2017ರ ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರ ಹಗಲು-ರಾತ್ರಿ ಎರಡೂ ಕಡೆ ಪಾಠ ಮಾಡುವುದು ಕೂಡದೆಂದು ಆದೇಶ ಹೊರಡಿಸಿದಾಗ ರಾತ್ರಿ ಶಾಲೆಗಳ ಹಳೇ ಮೇಷ್ಟ್ರುಗಳು ಒಮ್ಮೆಲೇ ಹೊರಗಾದರು. ಹುಡುಗರ ಮನೆ ವಿಷಯವೆಲ್ಲ ತಿಳಿದಿದ್ದವರು ಅವರೇ.

ಪದ್ಧತಿಗಳೂ ಬದಲಾಗಿವೆ. ನಮ್ಮ ಕಾಲದಲ್ಲಿ ನವರಾತ್ರಿಯ ಶಾರದಾ ಪೂಜೆ ಎಂದರೆ ಶಾಲೆಯ ದೊಡ್ಡ ಹಬ್ಬ, ಹೋಟೆಲಿನ ಭಟ್ಟರೇ ಬಂದು ಪ್ರಸಾದ ಮಾಡುತ್ತಿದ್ದರು. ವಾರ್ಷಿಕೋತ್ಸವಕ್ಕೆ ಒಂದು ಕನ್ನಡ ನಾಟಕ, ಅದರ ಹಿಂದೆ ಯಕ್ಷಗಾನದ ಒಂದು ತುಣುಕು. ಹೆಣ್ಣು ಪಾತ್ರಕ್ಕೂ ಹುಡುಗರೇ. ಈಗ ಬರುವವರು ಉತ್ತರ ಪ್ರದೇಶದಿಂದ, ಬಿಹಾರದಿಂದ ಬಂದ ಡೆಲಿವರಿ ಹುಡುಗರು, ಮನೆಗೆಲಸ ಮುಗಿಸಿ ಬರುವ ಮರಾಠಿ ಹೆಂಗಸರು. ನಾನು ಹೋದ ಸಂಜೆ ಒಬ್ಬ ತಾಯಿ ಹತ್ತನೇ ತರಗತಿಯಲ್ಲಿದ್ದರು, ಅವರ ಮಗಳು ಆಗಲೇ ಕಾಲೇಜು. ಪೂಜೆ ನಡೆಯುತ್ತದೆ, ಹಾಡು ಮರಾಠಿಯಲ್ಲಿ. ಶಾಲೆ ಅದೇ ಕೆಲಸ ಮಾಡುತ್ತಿದೆ, ಮಾಡಿಸಿಕೊಳ್ಳುವವರು ಬೇರೆಯಾಗಿದ್ದಾರೆ. ಅದರಲ್ಲಿ ದೂರಲಿಕ್ಕೆ ಏನೂ ಇಲ್ಲ.

ಆದರೆ ಅವರಿಗೆ ಈ ಹಳೆಯ ರಿಜಿಸ್ಟರುಗಳು ಬೇಕಿಲ್ಲ, ಓದಲೂ ಬಾರದು. ಜಿ.ಆರ್. ಅನ್ನು ನಿಯಮದ ಪ್ರಕಾರ ಶಾಶ್ವತವಾಗಿ ಇಡಬೇಕು ನಿಜ. ನೋಡಿಕೊಳ್ಳುವ ಗುಮಾಸ್ತರಿಲ್ಲದ ಶಾಲೆಯಲ್ಲಿ ಆ ನಿಯಮ ಗೆದ್ದಲಿಗೆ ತಿಳಿಯುವುದಿಲ್ಲ. ಉಳಿದ ಕಾಗದಗಳಿಗೆ ನಿಯಮದ ರಕ್ಷಣೆಯೂ ಇಲ್ಲ. ಕಪಾಟು ಖಾಲಿ ಮಾಡಬೇಕಾದಾಗ ಮೊದಲು ರದ್ದಿಯವನಿಗೆ ಹೋಗುವುದು ಅವೇ.

ಇದು ಮಹಾರಾಷ್ಟ್ರದ ಶಾಲೆಗಳ ವಿಚಾರ, ನಾವೇನು ಮಾಡಲಾದೀತು ಎಂದು ತಮ್ಮ ಅಧಿಕಾರಿಗಳು ಟಿಪ್ಪಣಿ ಬರೆಯಬಹುದು. ಶಾಲೆಗೆ ಕೈಹಾಕಿ ಎಂದು ನಾನು ಕೇಳುತ್ತಿಲ್ಲ. ಮೂಲ ಪುಸ್ತಕ ಅಲ್ಲಿಯೇ ಇರಲಿ, ಪ್ರತಿ ಬೆಂಗಳೂರಿಗೆ ಬರಲಿ. ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ಈ ಕೆಲಸ ಬಲ್ಲವರಿದ್ದಾರೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇಲ್ಲೇ ಕಲೀನಾದಲ್ಲಿದೆ, ಅಲ್ಲಿಯ ಸಂಶೋಧಕರನ್ನು ಜೊತೆಗೆ ಕರೆದುಕೊಳ್ಳಬಹುದು. ಶಾಲೆ ನಡೆಸುವ ಸಂಘಗಳ ಅನುಮತಿ ಬೇಕು. ಸರ್ಕಾರದ ಮುದ್ರೆಯಿರುವ ಒಂದು ಪತ್ರ ಬಂದರೆ ಬಾಗಿಲು ತೆರೆಯುತ್ತದೆ, ನನ್ನಂಥವನು ಹೋಗಿ ಕೇಳಿದರೆ ಚಹಾ ಕೊಟ್ಟು ಕಳಿಸುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಸ್ಕ್ಯಾನ್ ಆಯಿತೆಂದು ಎಲ್ಲವನ್ನೂ ಅಂತರ್ಜಾಲಕ್ಕೆ ಸುರಿಯಬೇಡಿ. ಅದರಲ್ಲಿ ಜಾತಿ ಇದೆ, ನಾಪಾಸಾದವರ ಹೆಸರಿದೆ, ‘ನಡತೆ ಸಾಧಾರಣ’ ಎಂಬ ಷರಾ ಇದೆ. ಆ ಹುಡುಗರಲ್ಲಿ ಎಷ್ಟೋ ಮಂದಿ ಮೊಮ್ಮಕ್ಕಳೊಂದಿಗೆ ಇನ್ನೂ ಬದುಕಿದ್ದಾರೆ. ಹಳೆಯ ಸಂಪುಟಗಳು ಸಂಶೋಧಕರಿಗೆ ಸಿಗಲಿ, ಈಚಿನವು ಮುಚ್ಚಿರಲಿ.

ಇನ್ನೊಂದು, ಇದಕ್ಕಿಂತ ಅವಸರದ್ದು. ರಿಜಿಸ್ಟರಿನ ಬರಹ ಬಿಡಿಸಬಲ್ಲವರು, ಈ ಸಹಿ ಯಾರದು, ‘ಕ್ಯಾ.’ ಎಂದರೆ ಕ್ಯಾಂಟೀನೋ ಇನ್ನೇನೋ ಎಂದು ಹೇಳಬಲ್ಲವರು ನಿವೃತ್ತ ಗುಮಾಸ್ತರು, ಮೇಷ್ಟ್ರುಗಳು. ಹೆಚ್ಚಿನವರು ಎಂಬತ್ತರ ಆಸುಪಾಸು. ಕೆಲವರು ಡೊಂಬಿವಲಿ, ವಸಾಯಿ ಕಡೆ ಮಕ್ಕಳ ಮನೆಯಲ್ಲಿದ್ದಾರೆ, ಕೆಲವರು ಉಡುಪಿಗೇ ಮರಳಿದ್ದಾರೆ. ಸ್ಕ್ಯಾನರ್ ಬರುವುದು ತಡವಾದರೂ ಪರವಾಗಿಲ್ಲ, ಒಂದು ರೆಕಾರ್ಡರ್ ಹಿಡಿದ ಇಬ್ಬರು ವಿದ್ಯಾರ್ಥಿಗಳನ್ನು ಈ ವರ್ಷವೇ ಅವರ ಬಳಿಗೆ ಕಳಿಸಿ. ವಿಳಾಸ ಹುಡುಕಿ ಮನೆ ತೋರಿಸುವ ಜವಾಬ್ದಾರಿ ನನ್ನದು. ಸೆಂಟ್ರಲ್ ಲೈನಿನ ಲೋಕಲ್ ರೈಲು ಹತ್ತಿ ಹೋಗಬೇಕಾದವರ ಮನೆಗಾದರೆ ಭಾನುವಾರ ಬೇಡ, ಹಳಿ ರಿಪೇರಿಯ ಮೆಗಾಬ್ಲಾಕ್ ಇರುತ್ತದೆ.

ಇತಿ ತಮ್ಮ ವಿಶ್ವಾಸಿ,
ಮುಂಬಯಿಯ ಕನ್ನಡ ರಾತ್ರಿ ಶಾಲೆಯ ಒಬ್ಬ ಹಳೇ ವಿದ್ಯಾರ್ಥಿ