ಮುಕ್ತಿನಾಥದ ದಾರಿ ಹಿಡಿಯುವ ಮುನ್ನ

ಚಿರಂಜೀವಿಗೆ ಸೋದರಮಾವನ ಆಶೀರ್ವಾದಗಳು.

ಸುನೌಲಿಯಲ್ಲಿ ಗಡಿ ದಾಟಿ, ನೇಪಾಳದ ತರಾಯಿ ಬಯಲಿನಿಂದ ಮುಕ್ತಿನಾಥದವರೆಗೂ ಬೈಕಿನಲ್ಲೇ ಹೋಗಬೇಕೆಂಬ ನಿನ್ನ ಸಂಕಲ್ಪ ತಿಳಿದು ಸಂತೋಷವಾಯಿತು. ಆದರೆ ಪೋಖರಾದಿಂದ ಮುಕ್ತಿನಾಥಕ್ಕೆ ನೀನು ಒಂದೇ ದಿನ ಇಟ್ಟುಕೊಂಡಿರುವುದು ನನಗೆ ಸರಿಕಾಣಲಿಲ್ಲ.

ಪೋಖರಾ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಮುಕ್ತಿನಾಥ 3,700 ಮೀಟರಿಗೂ ಮೇಲಿದೆ. ಬೈಕು ನಿನ್ನನ್ನು ಸಂಜೆಯೊಳಗೆ ಅಲ್ಲಿಗೆ ಮುಟ್ಟಿಸೀತು, ಆದರೆ ತೆಳುಗಾಳಿಗೆ ಒಗ್ಗಿಕೊಳ್ಳಲು ದೇಹಕ್ಕೆ ಅಷ್ಟು ಹೊತ್ತು ಸಾಲದು. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆಗೇಡು ಯಾರನ್ನಾದರೂ ಹಿಡಿಯಬಹುದು. ಗಟ್ಟಿಮುಟ್ಟಾದ ಯುವಕನೆಂದು ಅವು ರಿಯಾಯಿತಿ ಕೊಡುವುದಿಲ್ಲ. ಆದುದರಿಂದ ಒಂದು ರಾತ್ರಿ ಬಿಸಿನೀರ ಬುಗ್ಗೆಗಳಿರುವ ತಾತೋಪಾನಿಯಲ್ಲಿ, ಮರುರಾತ್ರಿ ಜೋಮ್ಸೋಮಿನಲ್ಲಿ ತಂಗಿ, ಮೂರನೆಯ ದಿನ ಮುಕ್ತಿನಾಥನ ದರ್ಶನ ಮುಗಿಸಿ ಮಲಗಲು ಮತ್ತೆ ಜೋಮ್ಸೋಮಿಗೇ ಇಳಿದು ಬಾ. ತಲೆನೋವಿನ ಜೊತೆಗೆ ಹೆಜ್ಜೆ ತಡವರಿಸತೊಡಗಿದರೆ, ಬೆಳಗಾಗಲೆಂದು ಕಾಯದೆ ಯಾರದಾದರೂ ಜೀಪಿನಲ್ಲಿ ಕೆಳಗಿಳಿ. ಆ ಸ್ಥಿತಿಯಲ್ಲಿ ನೀನು ಬೈಕು ಹತ್ತಕೂಡದು.

ಜೋಮ್ಸೋಮಿನ ಗಾಳಿಯ ವಿಷಯವನ್ನು ವಿಶೇಷವಾಗಿ ಹೇಳಬೇಕು. ಧವಳಗಿರಿ ಮತ್ತು ಅನ್ನಪೂರ್ಣ ಶಿಖರಗಳ ನಡುವೆ ಕಾಳಿಗಂಡಕಿ ಕೊರೆದ ಆಳವಾದ ಕಣಿವೆಯಲ್ಲಿ, ಬಿಸಿಲೇರಿದಂತೆ ದಕ್ಷಿಣದಿಂದ ಬಿರುಗಾಳಿ ನುಗ್ಗುತ್ತದೆ. ಅಲ್ಲಿನ ವಿಮಾನಗಳು ಬೆಳಗಿನ ಹೊತ್ತಿನಲ್ಲೇ ಹಾರಾಟ ಮುಗಿಸುವುದು ಇದಕ್ಕಾಗಿಯೇ. ನದಿಪಾತ್ರದ ಮರಳು ಹೆಲ್ಮೆಟ್ಟಿನ ಗಾಜಿಗೆ ಚಟಚಟನೆ ಬಡಿಯುತ್ತಿರುವಾಗ, ಹಿಂದೆ ಎತ್ತರಕ್ಕೆ ಕಟ್ಟಿದ ಚೀಲಕ್ಕೆ ಅಡ್ಡಗಾಳಿ ತಗುಲಿದರೆ ಗಾಡಿಯೇ ಪಕ್ಕಕ್ಕೆ ಸರಿಯುತ್ತದೆ. ಸಾಮಾನನ್ನು ತಗ್ಗಿನಲ್ಲಿ, ಎರಡೂ ಬದಿಗೆ ಸಮತೂಕವಾಗಿ ಕಟ್ಟು. ನಸುಕಿನಲ್ಲೇ ಹೊರಟು ಮಧ್ಯಾಹ್ನಕ್ಕೆ ಮುಂಚೆ ತಂಗುವ ಊರು ಸೇರು.

ಎತ್ತರದಲ್ಲಿ ಎಂಜಿನ್ನಿನ ಬಲವೂ ಕುಂದುತ್ತದೆ, ಗಾಬರಿಯಾಗದೆ ಚಿಕ್ಕ ಗೇರಿನಲ್ಲಿ ಏರು. ಇಳಿಯುವಾಗಲೂ ಎಂಜಿನ್ನಿನ ಹಿಡಿತದಲ್ಲೇ ಇಳಿ. ಬ್ರೇಕನ್ನು ಒತ್ತಿಹಿಡಿದುಕೊಂಡೇ ಬಂದರೆ ಅದು ಕಾದು, ಬೇಕಾದ ತಿರುವಿನಲ್ಲಿ ಕೈಕೊಡುತ್ತದೆ. ರಸ್ತೆಗೆ ಅಡ್ಡಲಾಗಿ ಹರಿಯುವ ತೊರೆ ಎದುರಾದರೆ, ಮುಂದಿನ ಜೀಪಿನ ಚಕ್ರ ಎಲ್ಲಿ ಎಷ್ಟು ಮುಳುಗಿತೆಂದು ನೋಡದೆ ನೀರಿಗಿಳಿಯಬೇಡ.

ಮಳೆಗಾಲದಲ್ಲಂತೂ ಹೊರಡಲೇಬೇಡ. ಸುನೌಲಿಯಿಂದ ಪೋಖರಾಕ್ಕೆ ಹೋಗುವ ದಾರಿಯಲ್ಲಿ ಬುಟ್ವಲ್ ಪಟ್ಟಣ ದಾಟಿದೊಡನೆ ಸಿಗುವ ಸಿದ್ಧಬಾಬಾ ತಿರುವುಗಳಲ್ಲಿ ಬಂಡೆಗಳು ಉರುಳುತ್ತವೆ, ಬೆಟ್ಟದ ಮಣ್ಣು ಕುಸಿದು ದಾರಿ ಮುಚ್ಚುತ್ತದೆ. ಡಿಸೆಂಬರ್, ಜನವರಿಗಳಲ್ಲಿ ತರಾಯಿಯ ಮಂಜು ಹಗಲಲ್ಲೂ ದಾರಿ ಕಾಣಗೊಡದು. ಅಕ್ಟೋಬರ್, ನವೆಂಬರ್ ತಿಂಗಳುಗಳೇ ನಿನಗೆ ಯೋಗ್ಯ.

ಭಾರತದ ನೋಂದಣಿಯ ಬೈಕಿಗೆ, ಎಷ್ಟು ದಿನ ಇರುವೆಯೋ ಅಷ್ಟು ದಿನಗಳ ಶುಲ್ಕವನ್ನು ಗಡಿಯಲ್ಲಿರುವ ಭನ್ಸಾರ್, ಅಂದರೆ ಸುಂಕದ ಕಚೇರಿಯಲ್ಲಿ ಕಟ್ಟಬೇಕು. ನಾನು ಹೇಳಿದ ತಂಗುದಾಣಗಳಿಗೆ ಬೇಕಾದ ದಿನಗಳನ್ನು ಸೇರಿಸಿ, ಮೇಲೆ ಎರಡು ದಿನ ಹೆಚ್ಚಿಗೆ ಕಟ್ಟಿಬಿಡು. ಅವಧಿ ಮುಗಿಯಿತೆಂಬ ಅವಸರದಲ್ಲಿ ನೀನು ಆ ಘಟ್ಟಗಳನ್ನು ಕತ್ತಲಲ್ಲಿ ಇಳಿಯುವಂತಾಗಬಾರದು.

ಇತಿ,
ನಿನ್ನ ಸೋದರಮಾವ