ಗೆಳೆಯನಿಗೊಂದು ಪತ್ರ: ಕಾಫಿ ಕಣದ ರೈಲು

ಗೆಳೆಯಾ,

ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಬರೆದರೆ ‘ಪುರುಸೊತ್ತಾದಾಗ ಓದುತ್ತೇನೆ’ ಎಂದು ಎತ್ತಿಡುತ್ತೀಯ. ನಾಲ್ಕು ಜನ ನೋಡುತ್ತಿದ್ದರೆ ನಿನಗೆ ಎಲ್ಲಿಲ್ಲದ ಹುರುಪು. ಅರಸೀಕೆರೆಯ ಕೊಬ್ಬರಿ ಪ್ರಸಂಗದಿಂದಲೂ ಹಾಗೆಯೇ.

ನಾನು ಕಟ್ಟಿದ ಪುಟ್ಟ ಉಗಿ ಎಂಜಿನ್ ಓಡಿತು! ಸಕಲೇಶಪುರದ ನಮ್ಮ ತೋಟದಲ್ಲಿ, ಕಾಫಿ ಕಣದ ಸುತ್ತ ಹಾಕಿದ ಹಳಿಯ ಮೇಲೆ. ಹಳಿಗಳ ನಡುವಿನ ಅಂತರ ಐದು ಅಂಗುಲ, ನಾವು ನೋಡಿ ಬೆಳೆದ ಮೀಟರ್ ಗೇಜಿನ ಹೆಚ್ಚುಕಡಿಮೆ ಎಂಟನೇ ಒಂದು ಪಾಲು. ಎಂಜಿನ್ನೂ ಅದೇ ಅಳತೆಯ ವೈಜಿ, ಅಂದರೆ ಮೀಟರ್ ಗೇಜಿನಲ್ಲಿ ಗೂಡ್ಸ್ ಗಾಡಿ ಎಳೆಯಲೆಂದು ಮಾಡಿದ ಉಗಿ ಎಂಜಿನ್. ಚಿತ್ತರಂಜನ್ ಕಾರ್ಖಾನೆ 1972ರಲ್ಲಿ ತಯಾರಿಸಿದ ತನ್ನ ಕೊನೆಯ ಉಗಿ ಎಂಜಿನ್ ಕೂಡ ವೈಜಿಯೇ.

ಬಾಯ್ಲರ್ ಪೂರ್ತಿ ತಾಮ್ರದ್ದು. ತಾಮ್ರ ಮಂದಗೆಂಪಾಗುವವರೆಗೆ ಕಾಯಿಸಬೇಕು. ಆಗ ಬೆಳ್ಳಿ ಬೆರೆತ ಬೆಸುಗೆ ಕರಗಿ, ಸಂದಿಯ ಉದ್ದಕ್ಕೂ ತಾನೇ ಹರಿದು ಹೋಗುತ್ತದೆ. ಆ ಹೊಳೆಯುವ ಗೆರೆಯನ್ನು ನೀನು ನೋಡಬೇಕಿತ್ತು. ಓಡಿಸುವಾಗಿನ ಒತ್ತಡ ಚದರ ಅಂಗುಲಕ್ಕೆ 90 ಪೌಂಡ್. ಅದಕ್ಕೆ ಮೊದಲು, ಬೆಂಕಿಯಿಲ್ಲದೆ, ಬಾಯ್ಲರಿನ ತುಂಬ ನೀರು ತುಂಬಿಸಿ ಕೈಪಂಪಿನಿಂದ 180ಕ್ಕೆ ಏರಿಸಿ ಪರೀಕ್ಷಿಸಿದೆ. ಒತ್ತಿದರೂ ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲವಾದ್ದರಿಂದ, ಎಲ್ಲಾದರೂ ಬಿಟ್ಟುಕೊಂಡರೆ ಸೋರುತ್ತದೆಯೇ ಹೊರತು ಸಿಡಿಯುವುದಿಲ್ಲ. ಒಂದು ಹನಿಯೂ ಜಿನುಗಲಿಲ್ಲ.

ಓಡಿಸುವುದು ಬೇರೆಯದೇ ಕಸುಬು. ಉದ್ದ, ಅಗಲ, ಎತ್ತರ ಎಂಟನೇ ಒಂದಾದರೆ ಬಾಯ್ಲರ್ ಹಿಡಿಯುವ ನೀರು 512ನೇ ಒಂದು ಪಾಲು. ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟ ನೋಡನೋಡುತ್ತಲೇ ಇಳಿಯುತ್ತದೆ. ಬೆಂಕಿ, ನೀರು, ಒತ್ತಡ ಮೂರನ್ನೂ ಒಬ್ಬನೇ ಕಾಯಬೇಕು. ಬೇರೆ ಯೋಚನೆಗೆ ಜಾಗವೇ ಇರುವುದಿಲ್ಲ. ಅದಕ್ಕೇ ಇದು ನನಗಿಷ್ಟ.

ಈಗ ನಿನಗೆ ಹೇಳಲೇಬೇಕಾದದ್ದು. ಎರಡು ಸಿಲಿಂಡರಿನ ಎಂಜಿನ್ ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಉಸಿರು ಬಿಡುತ್ತದೆ. ದೊಡ್ಡ ವೈಜಿಯ ಚಕ್ರಕ್ಕೆ ನಾಲ್ಕು ಅಡಿ ವ್ಯಾಸ, ಹಾಗಾಗಿ ಮೂರು ಅಡಿಗೊಂದರಂತೆ ಭಾರವಾದ ಉಸಿರು. ನನ್ನದರ ಚಕ್ರ ಆರೇ ಅಂಗುಲ. ಅಷ್ಟೇ ದೂರಕ್ಕೆ ಎಂಟು. ಸ್ವಲ್ಪ ವೇಗ ಹಿಡಿದರೆ ಸದ್ದುಗಳೆಲ್ಲ ಕೂಡಿ ಒಂದೇ ಗುರುಗುಟ್ಟುವಿಕೆ. ಮೊನ್ನೆ ರಾತ್ರಿ ಮಲಗಿಕೊಂಡು, ಹಾಸನ ನಿಲ್ದಾಣದಿಂದ ಗಾಡಿ ಹೊರಡುತ್ತಿದ್ದ ಸದ್ದನ್ನು ನೆನೆಸಿಕೊಳ್ಳಲು ನೋಡಿದೆ. ಕೇಳಿಸಿದ್ದು ನನ್ನ ಪುಟ್ಟ ಎಂಜಿನ್ನಿನದು. ಎಷ್ಟು ನೆನೆದರೂ ಅದೇ. ಹಳೆಯದನ್ನು ಉಳಿಸಿಕೊಳ್ಳಬೇಕೆಂದೇ ಅಲ್ಲವೇ ಇದನ್ನು ಕಟ್ಟಿದ್ದು?

ಅಪ್ಪನದೂ ಹೀಗೆಯೇ ಆಗಿದೆ. ಅವರ ದನಿ ಉಳಿದಿರುವುದು ನನ್ನ ಮೊಬೈಲಿನಲ್ಲಿ ಮಾತ್ರ, ಯಾರಿಗೋ ಮೆಣಸಿನ ಚೀಲಗಳ ಲೆಕ್ಕ ಒಪ್ಪಿಸುತ್ತಿರುವ ಒಂದು ತುಣುಕು. ಅವರು ಹೋದ ಮೇಲೆ ಅದನ್ನು ಕೇಳಿ ಕೇಳಿ, ಈಗ ಅವರು ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ನೆನೆಸಿಕೊಂಡರೂ ಆ ಲೆಕ್ಕದ ದನಿಯೇ ಬರುತ್ತದೆ. ಕೋಪದ ದನಿ, ನಗುವಾಗಿನ ದನಿ, ಯಾವುದೂ ಸಿಗುವುದಿಲ್ಲ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಮ್ಮನಿಗಂತೂ ಹೇಳಲಾರೆ, ಅವರಿಗೆ ಇನ್ನೂ ಕೇಳಿಸುತ್ತಿರಬಹುದು.

ಇರಲಿ, ಇಷ್ಟು ಬರೆಯಬೇಕೆಂದಿರಲಿಲ್ಲ. ಮಾತು ಬದಲಿಸುತ್ತೇನೆ.

ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದೊಡನೆ ನೀನು ಬಾಯಲ್ಲೇ ಅರಸೀಕೆರೆ ಗಾಡಿ ಹೊರಡಿಸುತ್ತಿದ್ದೆಯಲ್ಲ, ಅದು ಇನ್ನೂ ಬರುತ್ತದೆಯೇ? ಬರುತ್ತದೆಯಾದರೆ ಫೋನಿನಲ್ಲಿ ಬೇಡ, ಇಲ್ಲಿಗೇ ಬಂದು ಮಾಡಿ ತೋರಿಸು. ಮಳೆ ಬಿಟ್ಟಿದೆ. ಕೊಯ್ಲು ಶುರುವಾದರೆ ಕಣದ ತುಂಬ ಕಾಫಿ, ಆಮೇಲೆ ರೈಲಿಗೆ ಜಾಗವಿಲ್ಲ. ಮಕ್ಕಳನ್ನೂ ಕರೆದುಕೊಂಡು ಬಾ. ಎಲ್ಲರೂ ಹತ್ತಿಬಟ್ಟೆಯನ್ನೇ ತೊಟ್ಟು ಬನ್ನಿ, ಕಿಡಿ ಹಾರುತ್ತದೆ. ಸೀಟಿ ಊದುವ ಹಕ್ಕು ನಿನ್ನದು. ಉಗಿ ಬಿಟ್ಟು ಗಾಡಿ ಓಡಿಸುವ ಹಿಡಿ, ರೆಗ್ಯುಲೇಟರ್, ಮಾತ್ರ ಕೊಡುವುದಿಲ್ಲ. ಕೊಬ್ಬರಿ ಪ್ರಸಂಗ ನಾನು ಮರೆತಿಲ್ಲ.

ನಿನ್ನ,
ಹಿಂದಿನ ಬೆಂಚಿನವನು