ಕೇಬಲ್ ಕಂಬದ ಮೇಲೋ, ನೆಲದಡಿಯೋ?

ಸಂಪಾದಕರೇ,

ನಮ್ಮ ಮನೆ ಮುಂದಿನ ಹೊಂಗೆ ಮರದಲ್ಲಿ ಕಪ್ಪು ಕೇಬಲ್ ಸುರುಳಿಗಳು ನೇತಾಡುತ್ತಿವೆ, ಒಂದೊಂದೂ ಸೈಕಲ್ ಟೈರ್‌ನಷ್ಟು ದೊಡ್ಡದು. ಮೊನ್ನೆ ಎಣಿಸಿದೆ, ಏಳು. ಅದರಲ್ಲೊಂದು ನಮ್ಮದೇ ಹಳೇ ಇಂಟರ್ನೆಟ್ ಕನೆಕ್ಷನ್ನಿನದು. ಕಂಪನಿ ಬದಲಿಸಿ ಎರಡು ವರ್ಷವಾಯಿತು. ಹಳಬರು ಮೋಡೆಮ್ ಮಾತ್ರ ಮರೆಯದೆ ಒಯ್ದರು, ಕೇಬಲ್ ಮರಕ್ಕೇ ಬಿಟ್ಟರು.

ಬೆಂಗಳೂರಿನಲ್ಲಿ ಈ ಜಗಳ ಮುಗಿಯುವುದೇ ಇಲ್ಲ. ಕಂಬದಿಂದ ಕೇಬಲ್ ಕತ್ತರಿಸಿದರೆ ಮನೆಯಿಂದ ಕೆಲಸ ಮಾಡುವವರ ಗಲಾಟೆ (ನಾನೂ ಅವರಲ್ಲೊಬ್ಬ), ಬಿಟ್ಟರೆ ಫುಟ್‌ಪಾತಿನಲ್ಲಿ ನಡೆಯುವವರ ಬೈಗುಳ. ಕೇಬಲ್ ಒಳಗಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ, ನಿಜ. ಆದರೆ ಅದನ್ನು ಬಿಗಿಯಲು ಉಕ್ಕಿನ ತಂತಿ ಕಟ್ಟಿದ್ದರೆ, ಅದು ವಿದ್ಯುತ್ ಲೈನಿಗೆ ತಾಗಿದರೆ ಏನು ಗತಿ?

ಹಾಗಂತ ನೆಲದಡಿ ಹಾಕಿ ಅಂದರೆ ರಸ್ತೆಗೇ ಕುತ್ತು. ನಮ್ಮ ಬೀದಿಗೆ ಡಾಂಬರು ಹಾಕಿ ತಿಂಗಳೂ ಆಗಿರಲಿಲ್ಲ, ಒಂದು ಕಂಪನಿಯವರು ಅಗೆದು ಮಣ್ಣು ಮುಚ್ಚಿ ಹೋದರು, ಆ ಮಣ್ಣು ಕುಸಿದು ಗುಂಡಿಯಾಗುವ ಹೊತ್ತಿಗೆ ಇನ್ನೊಬ್ಬರು ಬಂದು ಪಕ್ಕದಲ್ಲೇ ಅಗೆದು ನೀರಿನ ಪೈಪ್ ಒಡೆದರು. ಅಗೆಯುವ ಮುಂಚೆ ಕೆಳಗೇನಿದೆ ಅಂತ ವಿಚಾರಿಸಲು ಕೇಂದ್ರ ಸರ್ಕಾರ 2023ರಲ್ಲೇ 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ತಂದಿದೆ. ಇವರ ಹತ್ತಿರ ಪಿಕಾಸಿ ಮಾತ್ರ ಇತ್ತು ಅಂತ ಕಾಣುತ್ತೆ.

ಪೈಪೋಟಿ ಬೇಡ ಅಂತ ನಾನು ಹೇಳುತ್ತಿಲ್ಲ. ನಾಲ್ಕು ಕಂಪನಿ ಇದ್ದರೆ ಗ್ರಾಹಕನ ಮಾತು ನಡೆಯುತ್ತೆ. ಆದರೆ ನಾಲ್ಕು ಕಂಪನಿಗೆ ನಾಲ್ಕು ಸಲ ಅಗೆಯೋದು ಯಾಕೆ? ರೆಸಿಡೆನ್ಸಿ ರಸ್ತೆ, ವಿಠ್ಠಲ್ ಮಲ್ಯ ರಸ್ತೆಯಲ್ಲಿ ಟೆಂಡರ್‌ಶ್ಯೂರ್ (ರಸ್ತೆ, ಫುಟ್‌ಪಾತ್, ನೆಲದಡಿಯ ಪೈಪ್ ಎಲ್ಲ ಒಟ್ಟಿಗೆ ಹೊಸದಾಗಿ ಮಾಡುವ ಯೋಜನೆ) ಕೆಲಸ ಮಾಡಿದಾಗ ಫುಟ್‌ಪಾತ್ ಕೆಳಗೇ ಕೇಬಲ್‌ಗಳಿಗೆ ಅಂತ ಪೈಪ್ ದಾರಿ ಮಾಡಿದರು. 2023ರ ದೂರಸಂಪರ್ಕ ಕಾಯ್ದೆಯಲ್ಲೂ ಎಲ್ಲ ಕಂಪನಿಗಳೂ ಬಳಸಬಹುದಾದ ಸಾಮಾನ್ಯ ಪೈಪ್‌ಗಳ ಮಾತಿದೆ. ದೊಡ್ಡ ರಸ್ತೆಗೆ ಆದದ್ದು ನಮ್ಮಂಥ ಅಡ್ಡರಸ್ತೆಗೆ ಯಾಕಾಗಬಾರದು? ಹೇಗೂ ಒಳಚರಂಡಿಗೋ ನೀರಿಗೋ ಒಮ್ಮೆ ಅಗೆದೇ ಅಗೀತಾರೆ, ಆಗಲೇ ಒಂದೆರಡು ಖಾಲಿ ಪೈಪ್ ಹೂತಿಟ್ಟು ಆಮೇಲೆ ಕಂಪನಿಗಳಿಂದ ಬಾಡಿಗೆ ತಗೊಳ್ಳಲಿ. ಜೊತೆಗೆ ಪ್ರತಿ ಕೇಬಲ್‌ಗೂ ಹೆಸರಿನ ಚೀಟಿ ಕಡ್ಡಾಯ ಮಾಡಲಿ, ಯಾರದ್ದು ಸತ್ತಿದೆ, ಯಾರದ್ದು ಬದುಕಿದೆ ಅಂತ ಗೊತ್ತಾಗುತ್ತೆ.

ಅಲ್ಲಿವರೆಗೆ ನಮ್ಮ ಹೊಂಗೆ ಮರದ ಆ ಒಂದು ಸುರುಳಿಯನ್ನಾದರೂ ಯಾರು ಇಳಿಸಬೇಕು, ಹೇಳಿ. ಬರುವವರಿದ್ದರೆ ಏಣಿ ನಮ್ಮ ಮನೆಯಲ್ಲೇ ಇದೆ.

– ಒಬ್ಬ ಓದುಗ, ಬೆಂಗಳೂರು